ತಂಪಿನ ಲೆಕ್ಕ

ಸೊಲ್ಲಾಪುರದ ಪೂರ್ವ ಭಾಗದಲ್ಲಿ, ಹಗಲಿರುಳು ಯಂತ್ರಮಗ್ಗಗಳ ಸದ್ದು ಕೇಳುವ ಓಣಿಯೊಂದರಲ್ಲಿ, ನಿವೃತ್ತ ಮಾಸ್ತರರೊಬ್ಬರ ಮನೆಯಿದೆ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ ಅವರಿಗೆ ಎರಡು ಅಭ್ಯಾಸಗಳು ಉಳಿದುಕೊಂಡಿವೆ: ಮುಂಜಾನೆ ಐದಕ್ಕೆ ಏಳುವುದು ಮತ್ತು ಖರ್ಚಾದ ಪ್ರತಿ ರೂಪಾಯಿಯನ್ನು ವಹಿಯಲ್ಲಿ ಬರೆದಿಡುವುದು. ಆ ವಹಿಯಲ್ಲಿ ಮೂರು ಬೇಸಿಗೆಗಳಿಂದ ‘ತಂಪು’ ಎಂಬ ಹೊಸ ಶೀರ್ಷಿಕೆಯೊಂದು ಸೇರಿಕೊಂಡಿದೆ.

ಹವಾನಿಯಂತ್ರಕ ಆ ಮನೆಗೆ ಬಂದದ್ದು ಶೋಕಿಗಾಗಿ ಅಲ್ಲ. ಮಾಸ್ತರರ ತಾಯಿಗೆ ಎಂಬತ್ತು ದಾಟಿದೆ. ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 42-43 ಡಿಗ್ರಿ ಮುಟ್ಟುವುದು ಹೊಸ ಸಂಗತಿಯೇನಲ್ಲ. ಆದರೆ ಹಗಲೆಲ್ಲ ಸ್ಲ್ಯಾಬು ಕುಡಿದ ಉರಿ ರಾತ್ರಿಯೆಲ್ಲ ಕೋಣೆಯೊಳಗೆ ಇಳಿಯುವಾಗ ಆ ವಯಸ್ಸಿನ ಜೀವ ತಡೆಯುವುದು ಕಷ್ಟ. ಮೊದಲು ಕೂಲರ್ ಇತ್ತು. ಒಣಹವೆಗೆ ಅಷ್ಟು ಅಗ್ಗದ, ಅಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ ಎಂದು ಮಾಸ್ತರರು ಇಂದಿಗೂ ವಾದಿಸುತ್ತಾರೆ. ಆದರೆ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಊರಿನಲ್ಲಿ ದಿನಕ್ಕೆ ಮೂರು ನಾಲ್ಕು ಕೊಡ ನೀರನ್ನು ಕೂಲರಿನ ಹೊಟ್ಟೆಗೆ ಸುರಿಯುವಾಗ ಸೊಸೆಯ ಮುಖ ನೋಡಲಾಗುತ್ತಿರಲಿಲ್ಲ. ಹೀಗೆ ಒಂದೂವರೆ ಟನ್ನಿನ ಯಂತ್ರವೊಂದು ಕಂತಿನ ಮೇಲೆ ಬಂದು ಅಜ್ಜಿಯ ಕೋಣೆಯ ಗೋಡೆಯೇರಿತು. ಟನ್ ಎಂದರೆ ಯಂತ್ರದ ತೂಕವಲ್ಲ, ಒಂದು ಟನ್ ಮಂಜುಗಡ್ಡೆ ಇಪ್ಪತ್ನಾಲ್ಕು ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕುವ ಶಕ್ತಿ ಎಂದು ಮೊಮ್ಮಕ್ಕಳಿಗೆ ಪಾಠವೂ ಆಯಿತು.

ಮೊದಲ ಬೇಸಿಗೆ ಸುಖವಾಗಿ ಕಳೆಯಿತು. ಎರಡನೆಯ ಬೇಸಿಗೆಯ ನಡುವೆ ತಂಪು ಕುಂದಿತು. ಅಂಗಡಿಯೊಂದರಿಂದ ಬಂದ ಹುಡುಗ ಹತ್ತು ನಿಮಿಷ ನೋಡಿ, ಗ್ಯಾಸ್ ಮುಗಿದಿದೆಯೆಂದು ಹೇಳಿ, ತುಂಬಿ, 2,800 ರೂಪಾಯಿ ಪಡೆದು ಹೋದ. ಈ ವರ್ಷದ ಮೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಒಂದು ರಾತ್ರಿ ಎರಡು ಗಂಟೆಗೆ ಅಜ್ಜಿ ಎದ್ದು ಕುಳಿತು, ಉಸಿರೇ ಆಡುತ್ತಿಲ್ಲ ಎಂದಾಗ ಮನೆಮಂದಿಯೆಲ್ಲ ಬೆದರಿದರು. ಯಂತ್ರ ಗುಂಯ್‌ಗುಡುತ್ತಲೇ ಇತ್ತು. ಕೋಣೆ ಮಾತ್ರ ಒಲೆಯಂತಿತ್ತು. ಒದ್ದೆ ಪಂಚೆ ಹೊದಿಸಿ, ಬೀಸಣಿಗೆ ಹಿಡಿದು ಬೆಳಗು ಮಾಡಿದರು. ಅಂಗಡಿಯವರು ಮತ್ತೆ ಗ್ಯಾಸಿನ ಮಾತೆತ್ತಿ 3,000 ಕೇಳಿದರು. ವರ್ಷದ ನಿರ್ವಹಣೆಗೆ ಕರಾರು ಮಾಡಿಕೊಂಡರೆ ಮುಂದೆ ಚಿಂತೆಯೇ ಇಲ್ಲವೆಂದರು. ಮಗ ಒಪ್ಪಿದ್ದ. ಮಾಸ್ತರರು ಒಂದು ದಿನದ ಅವಕಾಶ ಕೇಳಿ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದರು.

ಆತ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಬಳಿಕ ಮರಾಠಿಯಲ್ಲಿ ಐಟಿಐ ಕಲಿತವನು. ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ಬಾಷ್ಪೀಕರಣ, ಸಾಂದ್ರೀಕರಣ ಎಂದು ಬಾಯಿಪಾಠ ಮಾಡಿದ್ದು ಅಲ್ಲಿ ಬಾಷ್ಪೀಭವನ, ಸಾಂದ್ರೀಭವನ ಆಯಿತು, ಬಾಲ ಬದಲಾಯಿತು ಅಷ್ಟೇ ಎಂದು ನಗುತ್ತಾನೆ. ಬಂದವನು ಗ್ಯಾಸಿನ ಮಾಪಕವನ್ನು ಚೀಲದಿಂದ ತೆಗೆಯಲೇ ಇಲ್ಲ. ಒಳಘಟಕದ ಮುಚ್ಚಳ ಎತ್ತಿ ಎರಡು ಜಾಲರಿಗಳನ್ನು ಹೊರಗೆಳೆದ. ಅವುಗಳ ಮೇಲೆ ಕಂಬಳಿ ಹೊದಿಸಿದಂತೆ ಬೂದುಬಣ್ಣದ ಹತ್ತಿಯ ನವಿರು ಕೂತಿತ್ತು. ಟವೆಲು, ಚಾದರು ನೇಯುವ ಓಣಿಯ ಗಾಳಿ ಅದು. ಹೋದ ವರ್ಷದ ಹುಡುಗ ಹೊರಗೆ ಗ್ಯಾಸ್ ತುಂಬಿ ಹೋಗಿದ್ದನೇ ಹೊರತು ಒಳಗಿನ ಮುಚ್ಚಳವನ್ನು ಎತ್ತಿರಲಿಲ್ಲ. ಮನೆಯವರಿಗಂತೂ ಅದು ತೆರೆಯುತ್ತದೆ ಎಂಬುದೇ ಗೊತ್ತಿರಲಿಲ್ಲ. (ಹವಾನಿಯಂತ್ರಣ ಎಂಬುದಕ್ಕೆ ಮೂಲವಾದ ಇಂಗ್ಲಿಷ್ ಪದವನ್ನು 1906ರಲ್ಲಿ ಟಂಕಿಸಿದವನು ಅಮೆರಿಕದ ನೂಲಿನ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್, ಗಿರಣಿಯ ಗಾಳಿಗೆ ತೇವ ಕೂಡಿಸುವುದು ಅವನ ಕೆಲಸವಾಗಿತ್ತು. ನೇಕಾರರ ಊರಿನಲ್ಲಿ ನೆನೆಯತಕ್ಕ ಸಂಗತಿ.)

ಯಂತ್ರದ ಒಳಗುಟ್ಟನ್ನು ಆತ ಮೊಮ್ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ. ಕೋಣೆಯ ಗಾಳಿ ಒಳಗಿನ ಸುರುಳಿಯನ್ನು ಸವರಿ ಹೋದಾಗ ಅದರ ಶಾಖವನ್ನು ಹೀರಿ ಶೀತಕ ದ್ರವ ಆವಿಯಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಹೊರಘಟಕಕ್ಕೆ ಕಳಿಸಿದಾಗ ಅದು ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಜಾಲರಿ ಕಟ್ಟಿಕೊಂಡರೆ ಸುರುಳಿಗೆ ಗಾಳಿ ಮುಟ್ಟದು; ಕೆಲವೊಮ್ಮೆ ಅದರ ಮೇಲೆ ಮಂಜೇ ಗಟ್ಟಿಯಾಗಿ ಕೂಡುತ್ತದೆ. ಯಂತ್ರ ಓಡುತ್ತಲೇ ಇರುತ್ತದೆ, ಮೀಟರೂ ಓಡುತ್ತದೆ, ತಂಪು ಮಾತ್ರ ಇಲ್ಲ.

ಆದರೆ ಈ ಮನೆಯಲ್ಲಿ ಜಾಲರಿಯೊಂದೇ ತಪ್ಪಿತಸ್ಥನಾಗಿರಲಿಲ್ಲ. ಹೊರಘಟಕದ ತಾಮ್ರದ ಕೊಳವೆ ಕೂಡುವಲ್ಲಿ ಎಣ್ಣೆಯ ಕಲೆಯಿತ್ತು. ಸಾಬೂನಿನ ನೊರೆ ಹಚ್ಚಿದಾಗ ಸಣ್ಣ ಗುಳ್ಳೆಗಳು ಎದ್ದವು. “ಗ್ಯಾಸ್ ಅಂದ್ರ ಗಾಡಿಗೆ ಹಾಕೋ ಪೆಟ್ರೋಲ್ ಅಲ್ರೀ ಸರ್, ಉರದು ಮುಗೀಲಿಕ್ಕೆ. ಅದು ಒಳಗಿಂದೊಳಗ ಸುತ್ತತದ. ಕಡಿಮಿ ಆಗ್ಯದ ಅಂದ್ರ ಎಲ್ಲೋ ಸೋರ್ಯದ” ಎಂದ. ಕೊಳವೆಯ ತುದಿಯನ್ನು ಕತ್ತರಿಸಿ ಕೂಡುಗಂಟನ್ನು ಹೊಸದಾಗಿ ಮಾಡಿ, ನೈಟ್ರೋಜನ್ ತುಂಬಿ ಪರೀಕ್ಷಿಸಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಹೊರಘಟಕದ ಫಲಕದ ಮೇಲೆ ಅಚ್ಚಾದಷ್ಟೇ ಗ್ರಾಂ ಶೀತಕವನ್ನು ತಕ್ಕಡಿಯಲ್ಲಿ ತೂಗಿ ತುಂಬಿದ. ಇಡೀ ಮಧ್ಯಾಹ್ನ ಹಿಡಿಯಿತು. ಎರಡೂ ಘಟಕಗಳ ತೊಳೆತ ಸೇರಿ 3,600 ರೂಪಾಯಿ. ಗುರುಗಳೆಂದು ಆತ ರಿಯಾಯಿತಿ ಕೊಡಲಿಲ್ಲ, ಮಾಸ್ತರರೂ ಕೇಳಲಿಲ್ಲ. ಅಂಗಡಿಯವರು ಕೇಳಿದ್ದಕ್ಕಿಂತ ಇದು 600 ಹೆಚ್ಚು. ಆದರೆ ಹೋದ ವರ್ಷದ 2,800 ರೂಪಾಯಿ ಎಣ್ಣೆಕಲೆಯ ಆ ಸಂದಿಯಿಂದಲೇ ಗಾಳಿಗೆ ಹೋಗಿದೆ. ಹಾಗೆ ಹೋದದ್ದು ಬರಿಯ ಹಣವೂ ಅಲ್ಲ. ಆ ಯಂತ್ರದಲ್ಲಿರುವ ಆರ್-32 ಎಂಬ ಶೀತಕ, ತೂಕಕ್ಕೆ ತೂಕ ಹಿಡಿದರೆ, ಇಂಗಾಲದ ಡೈಆಕ್ಸೈಡಿಗಿಂತ ಆರುನೂರು ಪಟ್ಟಿಗೂ ಮಿಕ್ಕಿ ಭೂಮಿಯನ್ನು ಕಾಯಿಸುತ್ತದೆ.

ಆ ರಾತ್ರಿಯಿಂದ ಮಾಸ್ತರರು ಮೀಟರಿನ ಮುಂದೆ ಕೈದೀಪ ಹಿಡಿದು ನಿಲ್ಲತೊಡಗಿದರು. ದುರಸ್ತಿಗೆ ಮುಂಚೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಇಡೀ ಮನೆಗೆ 11 ಯೂನಿಟ್ ಹೋಗುತ್ತಿದ್ದುದು ಈಗ 9ಕ್ಕೆ ಇಳಿದಿತ್ತು. ಇದರಲ್ಲಿ ತೊಳೆತದ ಪಾಲೆಷ್ಟು, ಸೋರಿಕೆ ನಿಂತದ್ದರ ಪಾಲೆಷ್ಟು ಎಂದು ಬಿಡಿಸಲಾಗದು. ಕೊಳೆತುಂಬಿದ ಜಾಲರಿಯನ್ನು ಶುಚಿಗೊಳಿಸಿದರೆ ಶೇಕಡಾ 5ರಿಂದ 15ರಷ್ಟು ವಿದ್ಯುತ್ ಉಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಮಾಸ್ತರರು ತೊಳೆತದ ಹೆಸರಿಗೆ ದಿನಕ್ಕೆ ಒಂದೇ ಯೂನಿಟ್ ಬರೆದುಕೊಂಡರು. ನೂರು ದಿನದ ಬೇಸಿಗೆಗೆ ನೂರು ಯೂನಿಟ್. ಬಳಕೆ 100 ದಾಟಿದರೆ ಒಂದು ದರ, 300 ದಾಟಿದರೆ ಇನ್ನೂ ಮೇಲಿನ ದರ. ಉಳಿಯುವ ಯೂನಿಟ್ ಯಾವಾಗಲೂ ತುದಿಯ ದುಬಾರಿ ಯೂನಿಟ್ಟೇ ಆಗಿರುತ್ತದೆ. ಎಲ್ಲ ಆಕಾರಗಳೂ ಸೇರಿ 12 ರೂಪಾಯಿಯಂತೆ ಹಿಡಿದರೆ 1,200 ರೂಪಾಯಿ. ವರ್ಷಕ್ಕೆ ಎರಡು ಸಲ ಮೆಕ್ಯಾನಿಕನಿಂದ ತೊಳೆಸಿದರೆ 600ರಂತೆ ಖರ್ಚೂ 1,200. ಬರೋಬ್ಬರಿ. ತೊಳೆಸಿದರೆ ಬಿಲ್ಲಿನಲ್ಲಿ ಹಣದ ಹೊಳೆ ಹರಿಯುತ್ತದೆ ಎಂಬ ಮಾತು ಹಾಗಾದರೆ ಸುಳ್ಳು.

ವಹಿಯ ಆ ಪುಟವನ್ನು ಸೊಸೆ ಬೇರೆ ರೀತಿಯಲ್ಲಿ ಓದಿದಳು. ಜಾಲರಿ ತೊಳೆಯಲು ಮೆಕ್ಯಾನಿಕ್ ಏಕೆ? ಮುಚ್ಚಳ ಎತ್ತಿ, ಹೊರಗೆಳೆದು, ತಣ್ಣೀರಿನಲ್ಲಿ ಮೆತ್ತಗೆ ಬ್ರಶ್ ಆಡಿಸಿ, ನೆರಳಿನಲ್ಲಿ ಒಣಗಿಸಿದರಾಯಿತು. ಅರ್ಧ ಬಕೆಟ್ ನೀರು ಸಾಕು, ಅದೂ ತುಳಸಿಗೆ ಹೋಗುತ್ತದೆ. ಮೆಕ್ಯಾನಿಕ್ ವರ್ಷಕ್ಕೊಮ್ಮೆ, ಬೇಸಿಗೆಗೆ ಮೊದಲು ಬಂದು ಸುರುಳಿ, ಹೊರಘಟಕ, ನೀರಿಳಿಯುವ ಕೊಳವೆ ನೋಡಿದರೆ ಸಾಕು. ಹಳೆಯ ವಿದ್ಯಾರ್ಥಿಯೂ ಇದನ್ನೇ ಹೇಳಿದ್ದ. ಮೇನ್ ಸ್ವಿಚ್ ತೆಗೆಯದೆ ಮುಚ್ಚಳ ಮುಟ್ಟಬಾರದು, ಹೊರಘಟಕವನ್ನು ಬಿಚ್ಚುವ ಗೋಜಿಗೆ ಹೋಗಲೇಬಾರದು, ಆರ್-32ಕ್ಕೆ ಬೆಂಕಿ ಹತ್ತುವ ಗುಣವಿದೆ ಎಂದು ಎಚ್ಚರಿಸಿಯೂ ಇದ್ದ.

ಲೆಕ್ಕ ಆಗ ತಿರುಗಿತು. ಹೋಗುವುದು 600, ಉಳಿಯುವುದು 1,200. ಕಂಪ್ರೆಸರ್ ಬಿಸಿಯಾಗಿ ಕೆಟ್ಟರೆ ಬರುವ ಸಾವಿರಾರು ರೂಪಾಯಿಯ ಹೊರೆ ತಪ್ಪುವುದನ್ನು ಈ ಅಂಕಿಯಲ್ಲಿ ಹಿಡಿದೇ ಇಲ್ಲ. ಅಜ್ಜಿಗೆ 24 ಡಿಗ್ರಿಯೂ ಚಳಿಯೇ. 26ಕ್ಕಿಟ್ಟು ಮೇಲೆ ಫ್ಯಾನ್ ತಿರುಗಿಸುತ್ತಾರೆ. ಒಂದೊಂದು ಡಿಗ್ರಿ ಏರಿಸಿದಂತೆ ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳಿರುವುದು ಈ ಮನೆಗೆ ಪುಕ್ಕಟೆ ಬಂದ ಲಾಭ.

ಕರಾರಿನ ಕಾಗದವನ್ನು ಮಾಸ್ತರರು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿದರು. ತೊಳೆತ ಅದರಲ್ಲಿತ್ತು, ಕಂಪ್ರೆಸರ್ ಇರಲಿಲ್ಲ, ಸರ್ಕ್ಯೂಟ್ ಬೋರ್ಡು ಇರಲಿಲ್ಲ. ಕೆಟ್ಟರೆ ಮನೆ ಮುರಿಯುವಂಥದ್ದೆಲ್ಲ ಹೊರಗೇ ಉಳಿದಿತ್ತು. ಮಗ ಈಗಲೂ ತಲೆನೋವು ತಪ್ಪುತ್ತಿತ್ತಲ್ಲ ಎನ್ನುತ್ತಾನೆ. ದಿನವಿಡೀ ದುಡಿದು ಬರುವವನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆ ಚರ್ಚೆ ಮನೆಯಲ್ಲಿ ಮುಗಿದಿಲ್ಲ.

ಏಳನೆಯ ತರಗತಿಯ ಮೊಮ್ಮಗಳು ಒಂದು ರವಿವಾರ ಬಿಟ್ಟು ಇನ್ನೊಂದು ರವಿವಾರ ಜಾಲರಿ ತೊಳೆಯುತ್ತಾಳೆ. ತೊಳೆದ ದಿನ ಕ್ಯಾಲೆಂಡರಿನ ಮೇಲೆ ‘ಜಾ’ ಎಂದು ಗುರುತು ಹಾಕುತ್ತಾಳೆ. ಮಗ್ಗಗಳು ಹೆಚ್ಚು ಓಡಿದ ವಾರಗಳಲ್ಲಿ ನವಿರು ದಪ್ಪ ಕೂಡುತ್ತದೆಂಬುದನ್ನು ಅವಳೇ ಕಂಡುಹಿಡಿದಿದ್ದಾಳೆ. ಅಜ್ಜಿ ಮಾತ್ರ ಬೆಳಗಿನ ನಾಲ್ಕಕ್ಕೆ ಎಚ್ಚೆತ್ತು, ಇನ್ನು ಸಾಕು, ಕಿಟಕಿ ತೆಗೆಯಿರಿ ಎನ್ನುತ್ತಾರೆ. ಐದಕ್ಕೆ ಏಳಬೇಕಾದ ಮಾಸ್ತರರು ಒಂದು ಗಂಟೆ ಮೊದಲೇ ಎದ್ದು ಸ್ವಿಚ್ಚು ಆರಿಸಿ, ಕಿಟಕಿ ತೆರೆದು, ಮೀಟರ್ ನೋಡಲು ಹೋಗುತ್ತಾರೆ.