ಯಂತ್ರದ ಯೋಗಕ್ಷೇಮ

ಕಾಗದ ಬರೆಯುವಾಗ ನಾವೆಲ್ಲರೂ ‘ನಿಮ್ಮ ಯೋಗಕ್ಷೇಮವನ್ನು ತಿಳಿಸಿರಿ’ ಎಂದು ಸರಾಗವಾಗಿ ಬರೆದುಬಿಡುತ್ತೇವೆ. ಈ ಪದದೊಳಗೆ ಎರಡು ಅರ್ಥಗಳು ಸೇರಿಕೊಂಡಿವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ಈ ಸಮಾಸವನ್ನು ಬಿಡಿಸಿ ತೋರಿಸಿದ್ದೇನೆ. ಅದಕ್ಕೆ ಇದುವರೆಗೆ ನನಗೆ ದೊರೆತ ಉದಾಹರಣೆಗಳಲ್ಲಿ ಸೊಗಸಾದುದು ಮರ ಕಡಿಯುವ ಯಂತ್ರದ್ದು. ನಿವೃತ್ತನಾದ ಸಂಸ್ಕೃತದ ಉಪಾಧ್ಯಾಯನಿಗೂ ಹಿಮದೇಶದ ಕಾಡಿನ ಯಂತ್ರಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ಆ ನಂಟನ್ನು ಕಲ್ಪಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು.

ಅವನು ಓದು ಮುಗಿಸಿ ಫಿನ್ಲೆಂಡ್ ದೇಶಕ್ಕೆ ಹೋಗಿ, ಅಲ್ಲಿಯವಳನ್ನೇ ಮದುವೆಯಾಗಿ ನೆಲಸಿದ್ದಾನೆ. ಅವನ ಭಾವನು, ಎಂದರೆ ಹೆಂಡತಿಯ ಅಣ್ಣನು, ಕಾಡುಗೆಲಸದ ಗುತ್ತಿಗೆದಾರ. ಮರ ಕಡಿದು ದಾರಿಯ ಬದಿಗೆ ತಂದು ಒಟ್ಟುವುದು ಅವನ ಕಸುಬು. ಹಳೆಯ ಯಂತ್ರ ಮುದಿಯಾಯಿತು, ಹೊಸದನ್ನು ಕೊಳ್ಳಬೇಕಾಯಿತು. ಬೆಲೆಯೋ, ನಮ್ಮ ರೂಪಾಯಿಯಲ್ಲಿ ಹಲವು ಕೋಟಿ. ನನ್ನ ಶಿಷ್ಯನೂ ತನ್ನ ಉಳಿತಾಯವನ್ನು ಹಾಕಿ, ವಾಸದ ಮನೆಯನ್ನು ಸಾಲಕ್ಕೆ ಆಧಾರವಾಗಿ ಕೊಡಬೇಕೆಂದು ಮಾತಾಯಿತು. ‘ಮೇಷ್ಟರೆ, ಮೂರು ಕಡೆಯಿಂದ ವರಗಳು ಬಂದಿವೆ. ಮೂರೂ ಒಳ್ಳೆಯ ಮನೆತನ. ಯಾವುದನ್ನು ಒಪ್ಪಲಿ?’ ಎಂದು ಅವನು ನನಗೆ ಬರೆದನು. ಯಂತ್ರದ ವಿಷಯ ನನಗೆ ತಿಳಿಯದೆಂದು ಅವನೂ ಬಲ್ಲ. ಮನೆಯ ಮೇಲೆ ಸಾಲ ಮಾಡುವ ಮುನ್ನ ಹಿರಿಯರೊಬ್ಬರಿಗೆ ಹೇಳಿಕೊಳ್ಳಬೇಕೆನಿಸಿರಬೇಕು.

ಅವನ ಪತ್ರಗಳಿಂದ ನಾನು ತಿಳಿದುಕೊಂಡುದು ಇಷ್ಟು. ಈ ಕೆಲಸದಲ್ಲಿ ಮುಖ್ಯವಾಗಿ ಎರಡು ಕ್ರಮಗಳಿವೆ. ಅಮೆರಿಕ, ಕೆನಡಾಗಳಲ್ಲಿ ಬಹುಮಟ್ಟಿಗೆ ಮರವನ್ನು ಇಡಿಯಾಗಿ ಕಡಿದು, ಇಡಿಯಾಗಿಯೇ ದಾರಿಯವರೆಗೆ ಎಳೆದು ತರುವರು. ಕಡಿದು ರಾಶಿಯಾಗಿ ಮಲಗಿಸುವುದು ಫೆಲ್ಲರ್ ಬಂಚರ್, ಎಳೆಯುವುದು ಸ್ಕಿಡ್ಡರ್. ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ 1992ರಲ್ಲಿ ಆರಂಭವಾದ ಟೈಗರ್‌ಕ್ಯಾಟ್ ಕಂಪನಿಯು ಹೆಸರು ಪಡೆದುದು ಇಂತಹ ಯಂತ್ರಗಳಿಂದ. ಫಿನ್ಲೆಂಡ್, ಸ್ವೀಡನ್‌ಗಳ ಕ್ರಮ ಬೇರೆ. ಅಲ್ಲಿ ಹಾರ್ವೆಸ್ಟರ್ ಎಂಬ ಯಂತ್ರವು ನೀಳವಾದ ತೋಳಿನ ತುದಿಯಲ್ಲಿರುವ ತಲೆಯಿಂದ ಮರವನ್ನು ಬುಡದಲ್ಲಿ ಹಿಡಿದು ಕೊಯ್ದು, ಅಡ್ಡ ಮಲಗಿಸಿ, ಕೊಂಬೆಗಳನ್ನು ಸವರಿ, ಉದ್ದವನ್ನೂ ದಪ್ಪವನ್ನೂ ತಾನೇ ಅಳೆದು, ಬೇಕಾದ ಅಳತೆಗೆ ತುಂಡರಿಸುವುದು. ಹಿಂದೆ ಬರುವ ಫಾರ್ವರ್ಡರ್ ಆ ತುಂಡುಗಳನ್ನು ಬೆನ್ನಿಗೆ ಹೇರಿಕೊಂಡು ದಾರಿಗೆ ಮುಟ್ಟಿಸುವುದು.

ಈ ಎರಡನೆಯ ಬಗೆಯಲ್ಲಿ ಅವನ ಮುಂದಿದ್ದ ಹೆಸರುಗಳು ಮೂರು. ಮೊದಲನೆಯದು ಪೊನ್ಸೆ. ವಿಯೆರೆಮಾ ಎಂಬ ಹಳ್ಳಿಯ ಐನಾರಿ ವಿಡ್‌ಗ್ರೆನ್ ಎಂಬ ಗುತ್ತಿಗೆದಾರನು, ಕೊಂಡ ಯಂತ್ರಗಳು ಬಾಳಿಕೆ ಬಾರದುದನ್ನು ಕಂಡು ಬೇಸತ್ತು, ಊರಿನ ಕಮ್ಮಟದಲ್ಲಿ ತನಗೆ ಬೇಕಾದುದನ್ನು ತಾನೇ ಮಾಡಿಸಿಕೊಂಡನು. ಅದರಿಂದ 1970ರಲ್ಲಿ ಕಂಪನಿ ಹುಟ್ಟಿತು. ಊರಿನ ಬೀದಿನಾಯಿಯೊಂದರ ಹೆಸರೇ ಅದಕ್ಕೆ ಬಂದಿತೆಂಬುದು ವಿನೋದ. ಎರಡನೆಯದು ಅಮೆರಿಕದ ಜಾನ್ ಡೀರ್. 1837ರಲ್ಲಿ ನೇಗಿಲು ಮಾಡುತ್ತಿದ್ದ ಕಮ್ಮಾರನಿಂದ ಆರಂಭವಾದ ಈ ಮನೆತನವು 2000ದಲ್ಲಿ ಟಿಂಬರ್‌ಜ್ಯಾಕ್ ಕಂಪನಿಯನ್ನು ಕೊಂಡು, ಫಿನ್ಲೆಂಡಿನ ಯೋಯೆನ್ಸು ನಗರದ ಕಾರ್ಖಾನೆಗೆ ಒಡೆಯನಾಯಿತು. ಮೂರನೆಯದು ಜಪಾನಿನ ಕೊಮಾತ್ಸು. 2004ರಲ್ಲಿ ಅದು ವಾಲ್ಮೆಟ್ ಎಂಬ ಹೆಸರಿನ ಕಾಡುಯಂತ್ರಗಳ ಉದ್ಯಮವನ್ನು ಕೊಂಡಿತು; ಆ ಉದ್ಯಮದ ನೆಲೆ ಸ್ವೀಡನ್ನಿನ ಉಮಿಯೊ ನಗರ.

ಶಿಷ್ಯನು ಈ ಮೂರನ್ನೂ ಹೋಲಿಸಿ ಒಂದು ಕೋಷ್ಟಕವನ್ನು ಕಳುಹಿಸಿದ್ದನು. ಎಂಜಿನಿನ ಬಲ, ತೋಳಿನ ನಿಲುಕು, ಎಣ್ಣೆಯ ಖರ್ಚು, ಚಾಲಕನ ಆಸನ, ಬೆಲೆ, ಯಾವುದನ್ನೂ ಬಿಟ್ಟಿರಲಿಲ್ಲ. ಅದನ್ನು ಎರಡು ಸಲ ಓದಿ, ‘ಅಯ್ಯಾ, ನೀನು ಬರೆದಿರುವುದೆಲ್ಲ ಯೋಗದ ಲೆಕ್ಕ. ಕ್ಷೇಮಕ್ಕೆ ಒಂದು ಅಂಕಣವನ್ನೂ ಬಿಟ್ಟಿಲ್ಲವಲ್ಲ!’ ಎಂದು ಉತ್ತರ ಬರೆದೆನು.

ಅದಕ್ಕೆ ಅವನಿಂದ ದೀರ್ಘವಾದ ಪತ್ರ ಬಂದಿತು. ಆ ದೇಶದಲ್ಲಿ ಜೌಗುನೆಲದ ಕಾಡುಗಳು ಬಹಳ. ಅಲ್ಲಿಗೆ ಭಾರವಾದ ಯಂತ್ರ ಇಳಿಯಲು ನೆಲ ಹೆಪ್ಪುಗಟ್ಟಿರಬೇಕು. ಚಳಿಗಾಲದ ಕೆಲವು ವಾರಗಳೇ ಸುಗ್ಗಿ. ಆಗ ಹಗಲಿರುಳು ಸರದಿಯ ಮೇಲೆ ದುಡಿಯುವರು. ಹಿಂದಿನ ವರ್ಷ ಫೆಬ್ರವರಿಯಲ್ಲಿ ಭಾವನ ಹಳೆಯ ಯಂತ್ರ ಕಾಡಿನ ನಡುವೆ ನಿಂತಿತು. ಕೆಟ್ಟುದು ಅಂಗೈಯಷ್ಟು ಗಾತ್ರದ ಒಂದು ಕವಾಟ. ಅದು ಹತ್ತಿರದ ಉಗ್ರಾಣದಲ್ಲಿ ಇರಲಿಲ್ಲ. ಬಿಡಿಭಾಗ ಬಂದು ಯಂತ್ರ ನಡೆಯುವುದಕ್ಕೆ ಒಂಬತ್ತು ದಿನ ಹಿಡಿಯಿತು. ಕೆಲಸ ನಿಂತರೂ ಸಾಲದ ಕಂತು ನಿಲ್ಲಲಿಲ್ಲ, ಚಾಲಕರ ಸಂಬಳ ನಿಲ್ಲಲಿಲ್ಲ. ಆ ಒಂಬತ್ತು ರಾತ್ರಿ ಭಾವನು ನಿದ್ದೆಮಾಡಲಿಲ್ಲವೆಂದು ಶಿಷ್ಯನು ಬರೆದಿದ್ದನು.

ಇದನ್ನು ಓದಿದಾಗ ನನಗೆ ನಮ್ಮ ಆನೆಗಳ ನೆನಪಾಯಿತು. ನನ್ನ ಬಾಲ್ಯದಲ್ಲಿ ಶಿವಮೊಗ್ಗದ ಸೀಮೆಯ ಕಾಡುಗಳಲ್ಲಿ ದಿಮ್ಮಿ ಎಳೆಯುತ್ತಿದ್ದುದು ಆನೆ. ಆದರೆ ಆನೆಯೊಂದನ್ನೇ ಯಾರೂ ಕೆಲಸಕ್ಕೆ ಕಳುಹಿಸುತ್ತಿರಲಿಲ್ಲ. ಅದರೊಡನೆ ಮಾವುತನಿರುವನು, ಕಾವಾಡಿಯಿರುವನು. ಮೈತೊಳೆದು, ಮೇವು ತಂದು, ಕಾಲಿನ ಗಾಯಕ್ಕೆ ಮದ್ದು ಹಚ್ಚಿ, ಅದರ ಕಣ್ಣು ನೋಡಿಯೇ ಜ್ವರವನ್ನು ತಿಳಿಯುವವರು ಅವರು. ಯಂತ್ರಕ್ಕೂ ಕಾವಾಡಿ ಬೇಕು. ಕಂಪನಿಯು ಆ ಕಾವಾಡಿಯನ್ನು ಎಷ್ಟು ದೂರದಲ್ಲಿ ಇಟ್ಟಿದೆ, ಅವನ ಕೈಯಲ್ಲಿ ಏನು ಕೊಟ್ಟಿದೆ ಎಂಬುದೇ ಕ್ಷೇಮದ ಪ್ರಶ್ನೆ.

ಈ ಪ್ರಶ್ನೆ ಈಗ ಮೊದಲಿಗಿಂತ ತೊಡಕಾಗಿದೆ. ಹಿಂದೆ ಸ್ಪ್ಯಾನರು ಹಿಡಿಯಬಲ್ಲವನು ಅರ್ಧ ರಿಪೇರಿಯನ್ನು ತಾನೇ ಮಾಡಿಕೊಳ್ಳುತ್ತಿದ್ದನು. ಈಗಿನ ಯಂತ್ರದೊಳಗೆ ಕಂಪ್ಯೂಟರು ಕುಳಿತಿದೆ. ರೋಗವನ್ನು ಪತ್ತೆಹಚ್ಚುವ ಸಾಫ್ಟ್‌ವೇರು ಯಾರ ವಶದಲ್ಲಿದೆಯೋ ಬೀಗದ ಕೈ ಅವರಲ್ಲಿದೆ. ಹೊಲಗೆಲಸದ ಯಂತ್ರಗಳ ರಿಪೇರಿಯನ್ನು ತನ್ನ ಅಧಿಕೃತ ವ್ಯಾಪಾರಿಗಳಿಗೇ ಕಟ್ಟಿಹಾಕಿದೆಯೆಂದು ಆಪಾದಿಸಿ, ಅಮೆರಿಕದ ವ್ಯಾಪಾರ ಆಯೋಗವು 2025ರ ಜನವರಿಯಲ್ಲಿ ಜಾನ್ ಡೀರ್ ಮೇಲೆ ದಾವೆ ಹೂಡಿತು. ಕಂಪನಿಯು ಆಪಾದನೆಯನ್ನು ಒಪ್ಪಲಿಲ್ಲ. ಇನ್ನು ಹೆಸರೂ ಶಾಶ್ವತವಲ್ಲ. ಕ್ಯಾಟರ್‌ಪಿಲ್ಲರ್‌ನಂತಹ ಮಹಾಸಂಸ್ಥೆಯೇ ಸ್ಕಿಡ್ಡರ್ ಮೊದಲಾದ ಕಾಡುಯಂತ್ರಗಳ ವಿಭಾಗವನ್ನು 2019ರಲ್ಲಿ ವೈಲರ್ ಎಂಬ ಕಂಪನಿಗೆ ಮಾರಿತು. ಆದರೂ ಅವುಗಳ ಮಾರಾಟವೂ ದುರಸ್ತಿಯೂ ಕ್ಯಾಟರ್‌ಪಿಲ್ಲರ್‌ನ ಹಳೆಯ ವ್ಯಾಪಾರಿಗಳ ಕೈಯಲ್ಲಿಯೇ ಉಳಿದವು. ಕಬ್ಬಿಣದ ಮೇಲಿನ ಹೆಸರು ಬದಲಾದರೂ ಗಿರಾಕಿಯು ಬಡಿಯುವ ಬಾಗಿಲು ಬದಲಾಗಲಿಲ್ಲ.

ಆದುದರಿಂದ ಭಾವನೂ ಶಿಷ್ಯನೂ ಮತ್ತೊಂದು ಕೋಷ್ಟಕ ಬರೆದರು. ಬಿಡಿಭಾಗಗಳ ಉಗ್ರಾಣ ಎಷ್ಟು ಮೈಲಿ? ರಾತ್ರಿ ಎರಡು ಗಂಟೆಗೆ ಕರೆದರೆ ಯಾರು ಮಾತನಾಡುವರು? ಮಾದರಿ ನಿಂತುಹೋದ ಮೇಲೆ ಎಷ್ಟು ವರ್ಷ ಭಾಗಗಳು ಸಿಕ್ಕುವುವು? ಒಡೆಯನೇ ಏನೇನು ಸರಿಪಡಿಸಿಕೊಳ್ಳಬಹುದು? ಈ ಪ್ರಶ್ನೆಗಳನ್ನು ಅವರು ಮಾರುವವರಲ್ಲಿ ಮಾತ್ರ ಕೇಳಲಿಲ್ಲ. ಸುತ್ತಲಿನ ಗುತ್ತಿಗೆದಾರರ ಮನೆಗಳಿಗೆ ಹೋಗಿ, ‘ನಿಮ್ಮ ಯಂತ್ರ ಕಡೆಯ ಸಲ ನಿಂತಾಗ ಏನಾಯಿತು?’ ಎಂದು ವಿಚಾರಿಸಿದರು. ಮೊದಲ ಕೋಷ್ಟಕದಲ್ಲಿ ಎರಡನೆಯ ಸ್ಥಾನದಲ್ಲಿದ್ದುದು ಈ ಕೋಷ್ಟಕದಲ್ಲಿ ಮೊದಲಿಗೆ ಬಂದಿತು. ಅದನ್ನೇ ಕೊಂಡರು. ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ವಾಚಕರು ಹೆಸರನ್ನು ನೆನಪಿಟ್ಟುಕೊಂಡು ಕಾರಣವನ್ನು ಮರೆತಾರು. ಐವತ್ತು ಮೈಲಿ ಆಚೆಯ ಊರಿನವನಿಗೆ ಅದೇ ಪ್ರಶ್ನೆಗಳು ಬೇರೆ ಹೆಸರನ್ನು ಕೊಟ್ಟಾವು.

ಈ ಚಳಿಗಾಲದಲ್ಲಿ ಹೊಸ ಯಂತ್ರವೂ ಒಂದು ದಿನ ನಿಂತಿತಂತೆ. ಎಣ್ಣೆಯ ಕೊಳವೆಯೊಂದು ಒಡೆದಿತ್ತು. ಬೆಳಗಾಗುವುದರೊಳಗೆ ಮೆಕ್ಯಾನಿಕನು ಹೊಸ ಕೊಳವೆಯೊಡನೆ ಹಿಮದಲ್ಲಿ ನಡೆದು ಬಂದನು. ಮಧ್ಯಾಹ್ನಕ್ಕೆ ಕೆಲಸ ಸಾಗಿತು. ಶಿಷ್ಯನ ಮನೆಯ ಮೇಲಿನ ಸಾಲ ಇನ್ನೂ ಹತ್ತು ವರ್ಷ ತೀರಬೇಕು. ‘ಆದರೆ ಈಗ ಭಾವ ನಿದ್ದೆಮಾಡುತ್ತಾನೆ, ಮೇಷ್ಟರೆ’ ಎಂದು ಬರೆದಿದ್ದಾನೆ.

ನಮ್ಮ ಮನೆಗಳಿಗೆ ಹಾರ್ವೆಸ್ಟರ್ ಬರುವುದಿಲ್ಲ. ಬಾವಿಯ ಪಂಪು ಬರುವುದು, ಅರೆಯುವ ಯಂತ್ರ ಬರುವುದು. ಕೊಳ್ಳುವ ದಿನ ಅಂಗಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ತಿರುಗುವುವು. ಹಣ ಎಣಿಸುವ ಮುನ್ನ, ಅದೇ ಪಂಪನ್ನು ಐದು ವರ್ಷ ಬಳಸಿದ ನೆರೆಯವರ ಮನೆಗೆ ಒಮ್ಮೆ ಹೋಗಿಬನ್ನಿರಿ.