ನಾಲ್ಕು ಅಡಿ ತಳಹದಿ

ದೂರದೇಶದ ದೊಡ್ಡ ಕಟ್ಟಡಗಳನ್ನು ನೋಡಿ ಬಂದವರು ಸಾಮಾನ್ಯವಾಗಿ ಮೊದಲು ಅವುಗಳ ಎತ್ತರವನ್ನು ಹೇಳುತ್ತಾರೆ. ನಾನೂ ಹೇಳಿಬಿಡುತ್ತೇನೆ; ಹೇಳದಿದ್ದರೆ ಮುಂದಿನ ಸಂಗತಿಯು ತಿಳಿಯಲಾರದು. ಇಂಗ್ಲೆಂಡಿನ ದಕ್ಷಿಣಭಾಗದಲ್ಲಿರುವ ಸಾಲ್ಸ್‌ಬರಿ ಎಂಬ ಊರಿನ ಕೆಥೀಡ್ರಲ್ಲಿನ ಶಿಖರವು ನೆಲದಿಂದ 404 ಅಡಿ ಎತ್ತರವಾಗಿದೆ. ಬ್ರಿಟನ್ನಿನ ಚರ್ಚುಗಳ ಶಿಖರಗಳಲ್ಲಿ ಇದಕ್ಕಿಂತ ಎತ್ತರವಾದುದು ಬೇರೊಂದಿಲ್ಲ. ಇಷ್ಟು ಎತ್ತರವಾದ ಕಟ್ಟಡದ ತಳಹದಿಯ ಆಳವಾದರೋ ಸುಮಾರು ನಾಲ್ಕೇ ಅಡಿ. ನಮ್ಮ ಕಡೆ ಒಂದು ಸಾಧಾರಣವಾದ ಮನೆಗೆ ಪಾಯ ತೆಗೆಯುವವರೂ ಇದಕ್ಕಿಂತ ಬಹಳ ಕಡಮೆ ತೆಗೆಯುವುದಿಲ್ಲ.

ನಾನು ಅಲ್ಲಿಗೆ ಹೋದುದು ದೇಶಸಂಚಾರದ ಉದ್ದೇಶದಿಂದಲ್ಲ. ಮಗಳ ಬಾಣಂತನಕ್ಕಾಗಿ ಇಂಗ್ಲೆಂಡಿಗೆ ಹೋಗಿದ್ದೆ. ಕೂಸಿಗೆ ಮೂರು ತಿಂಗಳು ತುಂಬಿ, ಎಣ್ಣೆ ನೀರುಗಳ ಗಡಿಬಿಡಿ ಸ್ವಲ್ಪ ತಗ್ಗಿದ ಮೇಲೆ ಅಳಿಯಂದಿರು, "ಅತ್ತೆ, ನೀವು ಬಂದಾಗಿನಿಂದ ಅಡಿಗೆಮನೆಯ ಕಿಟಕಿಯಿಂದಲೇ ಈ ದೇಶವನ್ನು ನೋಡಿದ್ದೀರಿ. ಒಂದು ದಿನ ಸಾಲ್ಸ್‌ಬರಿಗೆ ಹೋಗಿ ಬರೋಣ" ಎಂದರು. ಅನ್ಯಮತದ ಗುಡಿಯಲ್ಲಿ ನಮಗೇನು ಕೆಲಸವೆಂದು ಕೇಳುವ ಸ್ವಭಾವ ನನ್ನದಲ್ಲ. ದೇವರ ಮನೆ ಯಾರದಾದರೂ ನೋಡತಕ್ಕದ್ದೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಕೂಸನ್ನು ಮಗಳ ಬಳಿ ಬಿಟ್ಟು ಹೊರಟೆವು.

ಕೆಥೀಡ್ರಲ್ ಎಂದರೆ ಬಿಷಪ್ಪರ ಪೀಠವಿರುವ ಚರ್ಚು. ಬಾಗಿಲಿನೊಳಗೆ ಬಂದವರಿಗೆ ಸ್ಥಳವನ್ನು ತೋರಿಸುವುದಕ್ಕಾಗಿ ಅಲ್ಲಿ ಮಾರ್ಗದರ್ಶಕರಿರುತ್ತಾರೆ. ಇವರಲ್ಲಿ ಅನೇಕರು ಉದ್ಯೋಗದಿಂದ ನಿವೃತ್ತರಾಗಿ, ಸಂಬಳವಿಲ್ಲದೆ ಈ ಕೆಲಸವನ್ನು ಮಾಡುವವರು. ನಮಗೆ ದೊರೆತವರು ಎಪ್ಪತ್ತು ದಾಟಿದ ಒಬ್ಬ ವೃದ್ಧರು. ನಮ್ಮ ಪುಣ್ಯಕ್ಷೇತ್ರಗಳಲ್ಲಿ ಕೆಲವರು ಸ್ಥಳಪುರಾಣವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ ಕೈ ನೀಡುವುದುಂಟಷ್ಟೆ. ಇವರು ಹಾಗಲ್ಲ. ಒಂದು ಮಾತನ್ನು ಹೇಳಿ, ನಾವು ಕತ್ತೆತ್ತಿ ನೋಡಿ ಮುಗಿಸುವವರೆಗೆ ಸುಮ್ಮನೆ ನಿಂತಿರುತ್ತಿದ್ದರು.

ಅವರು ಮೊದಲು ಹೇಳಿದುದು ಊರು ಬಿಟ್ಟು ಬಂದ ಕಥೆ. ಇಲ್ಲಿಂದ ಸುಮಾರು ಎರಡು ಮೈಲಿ ದೂರದಲ್ಲಿ ಓಲ್ಡ್ ಸೇರಮ್ ಎಂಬ ದಿಬ್ಬವಿದೆ. ಹಳೆಯ ಕೆಥೀಡ್ರಲ್ಲು ಅಲ್ಲಿ, ಕೋಟೆಯ ಒಳಗಡೆಯೇ ಇದ್ದಿತು. 1092ರಲ್ಲಿ ಅದರ ಪ್ರತಿಷ್ಠೆಯಾದ ಐದನೆಯ ದಿನವೇ ಬಿರುಗಾಳಿಗೆ ಸಿಕ್ಕಿ ಒಂದು ಭಾಗ ಹಾಳಾಯಿತಂತೆ. ಅಲ್ಲಿ ನೀರಿಗೆ ಕಷ್ಟ, ಗಾಳಿಯ ಕಾಟ. ಇವೆರಡಕ್ಕಿಂತ ಹೆಚ್ಚಾಗಿ ಕೋಟೆಯ ಸಿಪಾಯಿಗಳಿಗೂ ಪಾದ್ರಿಗಳಿಗೂ ನಿತ್ಯ ಜಗಳ. ಕೊನೆಗೆ ರಿಚರ್ಡ್ ಪೂರ್ ಎಂಬ ಬಿಷಪ್ಪರು ದಿಬ್ಬವನ್ನು ಬಿಟ್ಟು ಕೆಳಗಿನ ನದೀತೀರದ ಹುಲ್ಲುಗಾವಲಿಗೆ ಬಂದು, 1220ನೆಯ ಇಸವಿ ಏಪ್ರಿಲ್ 28ರಂದು ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದರು. ಮೇಲೆ ನೀರಿಲ್ಲದ ಕಷ್ಟವನ್ನು ಅನುಭವಿಸಿದವರು ಕೆಳಗೆ ಎಲ್ಲಿ ಅಗೆದರೂ ನೀರು ಬರುವ ಜಾಗಕ್ಕೆ ಬಂದರು. ನಾಲ್ಕಡಿಗಿಂತ ಆಳಕ್ಕೆ ಹೋಗದೆ, ನೀರಿನಲ್ಲಿ ನೆನೆದ ಗರಸಿನ ಪದರದ ಮೇಲೆಯೇ ಗೋಡೆಯನ್ನು ಎಬ್ಬಿಸಿದರು.

ಕಟ್ಟಡದ ಮುಖ್ಯಭಾಗವು ಮೂವತ್ತೆಂಟು ವರ್ಷಗಳಲ್ಲಿ ಮುಗಿದು 1258ರಲ್ಲಿ ಪ್ರತಿಷ್ಠೆಯಾಯಿತು. ಈ ಇಸವಿಯನ್ನು ಕೇಳಿದೊಡನೆ ಅಳಿಯಂದಿರು ನನ್ನ ಮುಖವನ್ನು ನೋಡಿದರು. ಸೋಮನಾಥಪುರದ ಕೇಶವ ದೇವಾಲಯಕ್ಕೂ ಸಾಮಾನ್ಯವಾಗಿ ಹೇಳುವ ಇಸವಿ ಇದೇ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಾವೇರಿಯ ಸಮೀಪದಲ್ಲಿ ಅದನ್ನು ಕಟ್ಟಿಸುತ್ತಿದ್ದಾಗ ಇಲ್ಲಿ ಏವನ್ ನದಿಯ ದಡದಲ್ಲಿ ಇದು ಏಳುತ್ತಿದ್ದಿತು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯುವ ಸಂಭವವೇ ಇರಲಿಲ್ಲ. ಆದರೆ ಎರಡರ ಹದವೂ ಬೇರೆ. ನಮ್ಮ ಶಿಲ್ಪಿಗಳು ಕಂಬದ ಮೇಲೆ ತೊಲೆಗಲ್ಲನ್ನಿಟ್ಟರು. ಭಾರವು ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಗುಡಿ ಗಿಡ್ಡಗಿದ್ದರೂ ಕೈಯಳತೆಯಲ್ಲಿ ಕೆತ್ತನೆ ತುಂಬಿರುತ್ತದೆ. ಇವರು ಚೂಪಾದ ಕಮಾನುಗಳನ್ನು ಎತ್ತಿ, ಕಲ್ಲಿನ ಪಕ್ಕೆಲುಬುಗಳ ಮೇಲೆ ಛಾವಣಿಯನ್ನು ಹರಡಿ, 84 ಅಡಿ ಎತ್ತರಕ್ಕೆ ಕೊಂಡೊಯ್ದರು. ಕಮಾನು ಕೆಳಕ್ಕೆ ಮಾತ್ರವಲ್ಲದೆ ಪಕ್ಕಕ್ಕೂ ನೂಕುತ್ತದೆ. ಆ ನೂಕುವಿಕೆಯನ್ನು ತಡೆಯಲು ಹೊರಗಡೆ ಆನಿಕೆಯ ಗೋಡೆಗಳು ಬೇಕು. ಹೀಗೆ ಭಾರವನ್ನು ಕಂಬಗಳೂ ಆನಿಕೆಗಳೂ ಹೊರುವುದರಿಂದ ನಡುವಣ ಗೋಡೆಯನ್ನು ತೆಗೆದು ಕಿಟಕಿಗಳನ್ನಿಡಬಹುದು. ಬೆಳಕು ಬೇಕಾದಷ್ಟು ಬರುತ್ತದೆ. ಈ ಪದ್ಧತಿಗೆ ಗಾಥಿಕ್ ಎಂದು ಹೆಸರು. ಗಾಥರೆಂಬ ಅನಾಗರಿಕರ ಕೆಲಸವೆಂದು ಇಟಲಿಯ ಪಂಡಿತರು ಮುಂದೆ ಹಾಸ್ಯಕ್ಕಾಗಿ ಇಟ್ಟ ಹೆಸರೇ ನಿಂತುಹೋಯಿತೆಂದು ವೃದ್ಧರು ನಕ್ಕರು.

ಆ ಬಳಿಕ ಅವರು ನಮ್ಮನ್ನು ಕಟ್ಟಡದ ಎರಡು ತೋಳುಗಳು ಕೂಡುವ ಮಧ್ಯಸ್ಥಾನಕ್ಕೆ ಕರೆದೊಯ್ದು, "ಕಂಬಕ್ಕೆ ಬೆನ್ನು ಕೊಟ್ಟು ನಿಂತು ಮೇಲಕ್ಕೆ ನೋಡಿ" ಎಂದರು. ಅಲ್ಲಿ ನಾಲ್ಕು ಮಹಾಸ್ತಂಭಗಳಿವೆ. ನೋಡನೋಡುತ್ತಿದ್ದಂತೆ ನನಗೆ ತಲೆ ತಿರುಗಿತೇನೋ ಎಂದು ಶಂಕೆಯಾಯಿತು. ಕಂಬವು ನೆಟ್ಟಗಿರಲಿಲ್ಲ, ಹೊರೆ ಹೊತ್ತವನ ಕಾಲಿನಂತೆ ಬಾಗಿದ್ದಿತು. ನನ್ನ ಕಣ್ಣಿನ ದೋಷವಲ್ಲ, ಬಾಗಿರುವುದು ನಿಜವೇ ಎಂದು ಅವರು ಹೇಳಿದರು. ಮೊದಲು ಈ ಜಾಗದಲ್ಲಿ ಇದ್ದುದು ಒಂದು ಗಿಡ್ಡ ಗೋಪುರ ಮಾತ್ರ. ಕಟ್ಟಿದವರು ತೀರಿಕೊಂಡು, ಮುಂದಿನ ತಲೆಯವರು ಬಂದ ಮೇಲೆ, ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ, ಅದರ ಮೇಲೆಯೇ ಎತ್ತರವಾದ ಗೋಪುರವನ್ನೂ ಅದರ ಮೇಲೆ ಶಿಖರವನ್ನೂ ಏರಿಸಿದರು. ಹೀಗೆ ಸೇರಿದ ಭಾರ ಸುಮಾರು 6,500 ಟನ್ನು.

"ಕೆಳಗೆ ಏನಿದೆಯೆಂದು ಅವರು ಯೋಚಿಸಲಿಲ್ಲವೆ?" ಎಂದು ಅಳಿಯಂದಿರ ಮೂಲಕ ಕೇಳಿಸಿದೆ.

"ಯೋಚಿಸಿರಬೇಕು, ಅಮ್ಮ. ಆದರೂ ಕಟ್ಟಿದರು. ಆಗಿನಿಂದ ಯೋಚಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ" ಎಂದರು ವೃದ್ಧರು.

ನಾನು ಈ ಪ್ರಶ್ನೆಯನ್ನು ಕೇಳಿದುದಕ್ಕೆ ಕಾರಣವಿದ್ದಿತು. ತುಮಕೂರು ಸೀಮೆಯಲ್ಲಿ ನಮ್ಮ ತಂದೆಯವರು ಬಿಟ್ಟುಹೋದ ತೊಟ್ಟಿಯ ಮನೆಯೊಂದಿದೆ. ಮಣ್ಣಿನ ಗೋಡೆ, ನಾಡಹೆಂಚು. ಅದರ ಮೇಲೆ ಮಹಡಿ ಕಟ್ಟಬೇಕೆಂದು ನನ್ನ ತಮ್ಮನ ಆಸೆ. ಹಬ್ಬಕ್ಕೋ ಊರ ಜಾತ್ರೆಗೋ ನಾವೆಲ್ಲ ಮಕ್ಕಳು ಮರಿ ಸಹಿತ ಸೇರಿದರೆ ಮಲಗುವುದಕ್ಕೆ ಜಾಗ ಸಾಲದು. ಆಸ್ತಿಯು ಮೂವರದೂ ಆದುದರಿಂದ ನನ್ನ ರುಜು ಬೇಕು. ನಾನು ಇಂಗ್ಲೆಂಡಿಗೆ ಬಂದ ಮೇಲೂ ಅವನು ದೂರವಾಣಿಯಲ್ಲಿ, "ಅಕ್ಕಾ, ಮೇಲಿನ ಪೂರ್ವದ ಕೋಣೆ ನಿನಗೆ" ಎಂದು ಆಗಾಗ ಹೇಳುತ್ತಿದ್ದ. ನಿಜವನ್ನು ಹೇಳುವುದಾದರೆ, ಆ ಕೋಣೆಯ ಮೇಲೆ ನನಗೂ ಮನಸ್ಸಿದ್ದಿತು. ತೌರುಮನೆಯಲ್ಲಿ ತನ್ನದೆಂದು ಹೇಳಿಕೊಳ್ಳುವ ಒಂದು ಕೋಣೆ ಎಷ್ಟು ಹೆಣ್ಣುಮಕ್ಕಳಿಗೆ ಉಂಟು? ಬಾಗಿದ ಆ ಕಂಬದ ಕೆಳಗೆ ನಿಂತಾಗ ನಮ್ಮ ಪಡಸಾಲೆಯ ಮರದ ಕಂಬಗಳು ನನ್ನ ಕಣ್ಣಿಗೆ ಕಟ್ಟಿದುವು.

ಇಲ್ಲಿಂದ ಮುಂದೆ ಅವರು ಹೇಳಿದುದನ್ನು ನಾನು ಹೆಚ್ಚು ಗಮನವಿಟ್ಟು ಕೇಳಿದೆ. ಕಂಬಗಳು ಬಾಗತೊಡಗಿದ ಮೇಲೆ ಜನರು ಕೈಕಟ್ಟಿ ಕೂಡಲಿಲ್ಲ. ಪೂರ್ವದ ತೋಳುಗಳಲ್ಲಿ ಒಂದರ ಮೇಲೊಂದು ತಲೆಕೆಳಗಾಗಿ ನಿಂತ ಕಮಾನುಗಳನ್ನು ಅಡ್ಡವಾಗಿ ಕೊಟ್ಟರು. ಹದಿನೈದನೆಯ ಶತಮಾನದಲ್ಲಿ ಮಧ್ಯದ ಕಂಬಗಳ ನಡುವೆಯೂ ಅಡ್ಡಕಮಾನುಗಳನ್ನು ಕಟ್ಟಿದರು. ಲಂಡನ್ನಿನ ಸೆಂಟ್ ಪಾಲ್ಸ್ ಕೆಥೀಡ್ರಲ್ಲನ್ನು ಮುಂದೆ ಕಟ್ಟಿದ ಕ್ರಿಸ್ಟೋಫರ್ ರೆನ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯು 1668ರಲ್ಲಿ ಇಲ್ಲಿಗೆ ಬಂದು ಅಳತೆ ಮಾಡಿ, ಶಿಖರವು ಓರೆಯಾಗಿರುವುದನ್ನು ತೋರಿಸಿ, ಕಬ್ಬಿಣದ ಪಟ್ಟಿಗಳಿಂದ ಬಿಗಿಸುವಂತೆ ಹೇಳಿದನು. ಶಿಖರದ ತುದಿಯಿಂದ ತೂಕದ ಗುಂಡನ್ನು ಇಳಿಬಿಟ್ಟರೆ ಅದು ನಡುವಿನಿಂದ ಸುಮಾರು ಎರಡೂವರೆ ಅಡಿ ನೈರುತ್ಯಕ್ಕೆ ಬೀಳುತ್ತದೆ. ಆ ಸ್ಥಳವನ್ನು ನೆಲದಲ್ಲಿ ಗುರುತು ಮಾಡಿದ್ದಾರೆ. ನಾನು ಅದರ ಪಕ್ಕದಲ್ಲಿ ನಿಂತು ಹೆಜ್ಜೆಯಿಂದ ಅಳೆದು ನೋಡಿದೆ. ಆಮೇಲಿನ ಅಳತೆಗಳಲ್ಲಿ ಓರೆಯು ಗಣನೀಯವಾಗಿ ಹೆಚ್ಚಿಲ್ಲವೆಂಬುದೇ ಸಮಾಧಾನ.

ಎಲ್ಲಕ್ಕಿಂತ ನನಗೆ ಆಶ್ಚರ್ಯವಾದುದು ಒಂದು ಕೋಲು. ವೃದ್ಧರು ನೆಲಗಟ್ಟಿನಲ್ಲಿ ಒಂದು ಸಣ್ಣ ಮುಚ್ಚಳವನ್ನು ತೆಗೆದು, ಕೋಲೊಂದನ್ನು ಒಳಗೆ ಇಳಿಸಿ ಮೇಲಕ್ಕೆತ್ತಿ ತೋರಿಸಿದರು. ಕೋಲಿನ ಕೆಳಭಾಗ ಒದ್ದೆಯಾಗಿದ್ದಿತು! ನಾವು ನಿಂತಿದ್ದ ಕಲ್ಲಿನ ಕೆಳಗೆ ಅಷ್ಟು ಹತ್ತಿರದಲ್ಲಿ ನೀರು. ಅದರ ಮಟ್ಟವು ಹೆಚ್ಚು ಏರಲೂಬಾರದು, ಹೆಚ್ಚು ಇಳಿಯಲೂಬಾರದು. ಗರಸು ತೇವವಾಗಿಯೇ ಇರಬೇಕು. ಆದುದರಿಂದ ನೀರಿನ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಉಪ್ಪಿನಕಾಯಿಯ ಜಾಡಿಗೆ ಕೈಹಾಕಿ ನೋಡುವ ಮನೆಯೊಡತಿಯ ಹಾಗೆ ಅವರು ಆ ಕೋಲನ್ನು ನೋಡಿದ ರೀತಿ ನನಗೆ ಬಹಳ ಹಿಡಿಸಿತು.

ಇಷ್ಟು ಕಾಪಾಡಿದವರ ನಡುವೆ ಕೆಡಿಸಿದವರೂ ಇಲ್ಲದಿಲ್ಲ. 1789ರಿಂದ ಮೂರು ವರ್ಷ ಜೇಮ್ಸ್ ವಯಟ್ ಎಂಬಾತನು ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯ ಬಣ್ಣದ ಗಾಜುಗಳನ್ನು ತೆಗೆಸಿ, ಸಮಾಧಿಗಳನ್ನು ಕಿತ್ತು ಸಾಲಾಗಿ ಇಡಿಸಿದನು. ಹೊರಗೆ ಪ್ರತ್ಯೇಕವಾಗಿದ್ದ ಗಂಟೆಯ ಗೋಪುರವೂ ಆಗಲೇ ಹೋಯಿತು. ನಮ್ಮ ಗುಡಿಗಳ ಶಿಲ್ಪಗಳಿಗೆ ಎಣ್ಣೆಬಣ್ಣ ಬಳಿಯುವ ಧರ್ಮದರ್ಶಿಗಳನ್ನು ನೆನೆದು, ಈ ಜಾತಿಯವರು ಎಲ್ಲ ದೇಶದಲ್ಲಿಯೂ ಇರುವರೆಂದುಕೊಂಡೆ.

ಗೋಪುರವನ್ನು ಹತ್ತುವುದಕ್ಕೆ ಬೇರೆ ಮಾರ್ಗದರ್ಶಕರು, ಬೇರೆ ಚೀಟಿ. ಶಿಖರದ ಬುಡದವರೆಗೆ 332 ಮೆಟ್ಟಿಲು. ಅಳಿಯಂದಿರು ನನ್ನ ವಯಸ್ಸನ್ನು ನೆನೆದು ಹಿಂದೆಗೆದರು. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ಹತ್ತಿದ ಕಾಲುಗಳಿಗೆ ಇದೇನು ಎಂದು ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಮೆಟ್ಟಿಲುಗಳು ಸುರುಳಿಯಾಗಿವೆ, ಒಬ್ಬರ ಹಿಂದೆ ಒಬ್ಬರು ಹೋಗಬೇಕು. ನಡುವೆ ಛಾವಣಿಯ ಮೇಲ್ಭಾಗವನ್ನು ಹಾದುಹೋಗುತ್ತೇವೆ. ಕೆಳಗಿನಿಂದ ಅಷ್ಟು ನಯವಾಗಿ ಕಂಡ ಕಮಾನುಗಳ ಬೆನ್ನು ಇಲ್ಲಿ ಒರಟಾಗಿ, ಕೋಸಂಬರಿ ಬಡಿಸಿ ಬರಿದಾದ ಬಟ್ಟಲುಗಳನ್ನು ಬೋರಲು ಹಾಕಿದಂತೆ ಸಾಲಾಗಿ ಕಂಡಿತು. ಕೊನೆಗೆ ಸುಮಾರು 225 ಅಡಿ ಎತ್ತರದಲ್ಲಿ ಶಿಖರದ ಒಳಗಡೆ ನಿಂತು ಮೇಲಕ್ಕೆ ನೋಡಿದೆವು. ಸುಮಾರು ಏಳುನೂರು ವರ್ಷಗಳ ಕೆಳಗೆ ಕಟ್ಟುವವರು ಹಾಕಿಕೊಂಡ ಮರದ ಸಾರುವೆಯು ಇನ್ನೂ ಅಲ್ಲಿಯೇ ಇದೆ. ಕತ್ತಲಲ್ಲಿ ತೊಲೆಯ ಮೇಲೆ ತೊಲೆಯಾಗಿ ಏರುತ್ತ ಏರುತ್ತ ಸಣ್ಣದಾಗಿ ಹೋಗುತ್ತದೆ. ಅದರ ಹೊರಗಿರುವ ಕಲ್ಲಿನ ಗೋಡೆಯು, ಬುಡವನ್ನು ಬಿಟ್ಟರೆ, ಒಂದು ಗೇಣಿನಷ್ಟೇ ದಪ್ಪವೆಂದು ಕೇಳಿ ನಾನು ಗೋಡೆಗೆ ಒರಗಿಕೊಂಡಿದ್ದ ಕೈಯನ್ನು ತೆಗೆದೆ. ಭಾರವನ್ನು ಕಡಮೆ ಮಾಡುವುದಕ್ಕಾಗಿಯೇ ಹಾಗೆ ತೆಳುವಾಗಿ ಕಟ್ಟಿದರಂತೆ. ಹಾಗಾದರೆ ಅವರು ಕೆಳಗಿನದನ್ನು ಯೋಚಿಸದೆ ಇರಲಿಲ್ಲ.

ಬಾಗಿಲನ್ನು ತೆರೆದು ಹೊರಗಿನ ಅಂಚಿಗೆ ಬಂದರೆ ಬೀಸುಗಾಳಿ. ದೂರದಲ್ಲಿ ಓಲ್ಡ್ ಸೇರಮಿನ ದಿಬ್ಬ ಹಸುರಾಗಿ ಕಂಡಿತು. ಗೋಪುರದಲ್ಲಿ 2014ರಿಂದ ಒಂದು ಜಾತಿಯ ಡೇಗೆಗಳು ಗೂಡು ಮಾಡಿವೆಯೆಂದು ಹೇಳಿದರು. ನಮಗೆ ಅವುಗಳ ದರ್ಶನವಾಗಲಿಲ್ಲ. 1980ರ ದಶಕದ ನಡುವೆ ಆರಂಭವಾದ ಹೊರಮೈಯ ದುರಸ್ತಿಯು ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ನಡೆದು ಈಚೆಗೆ ಮುಗಿಯಿತಂತೆ. ಕಟ್ಟುವುದಕ್ಕೆ ಹಿಡಿದಷ್ಟೇ ಕಾಲ ಒಂದು ಸಲದ ದುರಸ್ತಿಗೂ ಹಿಡಿಯಿತು.

ಕೆಳಗಿಳಿದು ಬಂದು, 1215ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಮೂಲಪ್ರತಿಗಳಲ್ಲಿ ಒಂದನ್ನೂ, 1386ರದೆಂದು ಹೇಳುವ, ಮುಳ್ಳುಗಳಾಗಲಿ ಮುಖವಾಗಲಿ ಇಲ್ಲದ ಕಬ್ಬಿಣದ ಗಡಿಯಾರವನ್ನೂ ನೋಡಿದೆವು. ಇವನ್ನು ಕುರಿತು ತಿಳಿದವರು ಬರೆದಿದ್ದಾರೆ. ನನಗೆ ಮನೆಗೆ ಹೋಗಿ ತಮ್ಮನೊಡನೆ ಮಾತನಾಡುವ ಆತುರ.

ಆ ರಾತ್ರಿ ಅವನಿಗೆ ಹೇಳಿದುದು ಇಷ್ಟೆ: "ರುಜು ಹಾಕುತ್ತೇನಪ್ಪ. ಅದಕ್ಕೆ ಮೊದಲು ಪಡಸಾಲೆಯ ಗೋಡೆಯ ಪಕ್ಕದಲ್ಲಿ ಒಂದು ಗುಂಡಿ ತೋಡಿಸಿ ಪಾಯ ಎಷ್ಟಿದೆ ನೋಡು." ಅವನಿಗೆ ಸ್ವಲ್ಪ ಬೇಸರವಾಯಿತು; ತಂದೆ ಕಟ್ಟಿದ ಮನೆಯನ್ನು ಪರೀಕ್ಷೆ ಮಾಡುವುದೇ ಎಂದ. ಆದರೂ ಮಾಡಿಸಿದ. ಎಂಟು ದಿನದ ಮೇಲೆ ಅವನೇ ಕರೆದು, ಎರಡೂವರೆ ಅಡಿಗೆ ಕಲ್ಲು ಮುಗಿಯಿತು, ಅದರ ಕೆಳಗೆ ಬರಿಯ ಎರೆಮಣ್ಣು ಎಂದು ತಿಳಿಸಿದ. ಊರ ಮೇಸ್ತ್ರಿಯೂ ಮಹಡಿಯ ಮಾತಿಗೆ ತಲೆಯಾಡಿಸಿಬಿಟ್ಟನಂತೆ. ಈಗ ಹಿತ್ತಿಲಲ್ಲಿ, ಹಳೆಯ ಕೊಟ್ಟಿಗೆಯಿದ್ದ ಜಾಗದಲ್ಲಿ, ಬೇರೆ ಪಾಯ ತೆಗೆದು ಎರಡು ಕೋಣೆಗಳನ್ನು ಕಟ್ಟಿಸುತ್ತಿದ್ದಾನೆ. ನನ್ನ ಕೋಣೆಗೆ ಕಿಟಕಿಯು ಪೂರ್ವಕ್ಕೇ ಇರಲಿ ಎಂದು ಹೇಳಿದ್ದೇನೆ.