ಮರವಿಲ್ಲದ ಬಯಲು

ಜಾರ್ಜಿಯಾ ಓಕೀಫ್ ಎಂದರೆ ಎಲ್ಲರ ಕಣ್ಮುಂದೆಯೂ ಬರುವುದು ಕ್ಯಾನ್ವಾಸು ತುಂಬಿದ ಹೂಗಳು, ನ್ಯೂ ಮೆಕ್ಸಿಕೋದ ಬಿಳಿ ಎಲುಬುಗಳು. ಆ ಕೀರ್ತಿಗೆ ನಾನೆಂದೂ ಹೊಟ್ಟೆಕಿಚ್ಚುಪಟ್ಟಿಲ್ಲ. ಹೊಟ್ಟೆಕಿಚ್ಚು 1917ರ ಓಕೀಫ್ ಮೇಲೆ. ಆಗ ಆಕೆ ಟೆಕ್ಸಾಸಿನ ಕ್ಯಾನ್ಯನ್ ಎಂಬ ಸಣ್ಣ ಊರಿನಲ್ಲಿ, ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಬಿಡುವಿನಲ್ಲಿ ಬರೆದ ಜಲವರ್ಣಗಳಲ್ಲಿ ಮೂರಕ್ಕೆ 'ಲೈಟ್ ಕಮಿಂಗ್ ಆನ್ ದ ಪ್ಲೇನ್ಸ್' ಎಂದು ಹೆಸರು. ಈಗ ಅವು ಫೋರ್ಟ್ ವರ್ತ್‌ನ ಏಮನ್ ಕಾರ್ಟರ್ ಮ್ಯೂಸಿಯಂನಲ್ಲಿವೆ.

ಒಂದಡಿ ಎತ್ತರವೂ ಇಲ್ಲದ, ತೆಳ್ಳನೆಯ ಸಾದಾ ಕಾಗದ. ತಳದಲ್ಲೊಂದು ಕಡುಬಣ್ಣದ ಪಟ್ಟಿ, ಅದೇ ನೆಲ. ಅದರಂಚಿನಿಂದ ಬೆಳಕು ಮೇಲೇಳುತ್ತದೆ. ಸುತ್ತ ನೀಲಿ ಕಮಾನು ಕಮಾನಾಗಿ ಏರುತ್ತ ಗಾಢವಾಗುತ್ತದೆ. ಸೂರ್ಯನಿಲ್ಲ, ಮನೆಯಿಲ್ಲ, ಬೇಲಿಯಿಲ್ಲ, ಒಂದು ಮರವೂ ಇಲ್ಲ.

ನಾನೂ ಜಲವರ್ಣ ಬರೆಯುವವಳು. ಹಾಳೆ ಒದ್ದೆಯಿರುವಾಗಲೇ ಬಣ್ಣ ಬಿಟ್ಟು, ಅದು ತನ್ನ ಪಾಡಿಗೆ ಹರಡಲಿ ಎಂದು ಕುಂಚ ಎತ್ತಿಬಿಡಬೇಕು. ಆ ಎತ್ತುವ ಗಳಿಗೆಯಲ್ಲೇ ನನ್ನ ಧೈರ್ಯ ಕೈಕೊಡುತ್ತದೆ. ಆಕಾಶ ಇನ್ನೂ ಒಣಗಿರುವುದಿಲ್ಲ, ಕೈ ಆಗಲೇ ಸಣ್ಣ ಕುಂಚ ಹುಡುಕುತ್ತಿರುತ್ತದೆ; ನೋಡನೋಡುತ್ತ ಬಾನಂಚಿನಲ್ಲೊಂದು ಮರ ನಿಂತಿರುತ್ತದೆ. ಯಾಕೆ ಆ ಮರ? 'ಏನಿದು, ಬರೀ ನೀಲಿ?' ಎಂದು ಯಾರಾದರೂ ಅಂದಾರು ಎಂಬ ಅಳುಕು.

ಓಕೀಫ್ ಯಾರಿಗಾಗಿಯೂ ಬರೆಯಲಿಲ್ಲ, ಅದಕ್ಕೇ ಅವಳಿಗದು ಸಾಧ್ಯವಾಯಿತು ಎಂದುಕೊಂಡರೆ ನನಗೆ ಸಮಾಧಾನ. ಆದರೆ ಅದು ನಿಜವಲ್ಲ. ಗೆಳತಿ ಅನಿತಾ ಪೊಲಿಟ್ಜರ್ ಒಯ್ದು ತೋರಿಸಿದ ಇದ್ದಿಲು ಚಿತ್ರಗಳಿಗೆ ನ್ಯೂಯಾರ್ಕಿನ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1916ರಲ್ಲೇ ಮನಸೋತಿದ್ದ. 1917ರ ಏಪ್ರಿಲ್‌ನಲ್ಲಿ ತನ್ನ '291' ಗ್ಯಾಲರಿಯಲ್ಲಿ ಆಕೆಯೊಬ್ಬಳದೇ ಪ್ರದರ್ಶನ ಇಟ್ಟ. ಕ್ಯಾನ್ಯನ್‌ನಿಂದ ಅವನಿಗೆ ಕಾಗದದ ಮೇಲೆ ಕಾಗದ ಹೋಗುತ್ತಿದ್ದವು. ನೋಡುವ ಕಣ್ಣು ಆಕೆಗೂ ಬೇಕಿತ್ತು. ಅದನ್ನು ಒಲಿಸಿಕೊಳ್ಳಲು ಬಯಲಿನಲ್ಲಿ ಮರ ನೆಡಲಿಲ್ಲ, ಅಷ್ಟೇ.

ನನಗೆ ಮೆಚ್ಚುಗೆಯ ಹಸಿವಿದೆ. ಅದು ಈ ವಯಸ್ಸಿಗೂ ಇಂಗಿಲ್ಲ, ಇಂಗೀತೆಂಬ ಭರವಸೆಯೂ ಇಲ್ಲ. ಹಾಗಾಗಿ 'ಯಾರನ್ನೂ ಲೆಕ್ಕಿಸಬೇಡ' ಎಂಬ ಬುದ್ಧಿಮಾತು ನನಗೆ ನಾಟುವುದಿಲ್ಲ. ಕೇಳಿಕೊಳ್ಳಬೇಕಾದ್ದು ಬೇರೆ: ಬರೆಯುವಾಗ ನನ್ನ ಕಣ್ಮುಂದೆ ಯಾರ ಮುಖವಿರುತ್ತದೆ? ಪ್ರದರ್ಶನಕ್ಕೆ ಬಂದು ಮುಂದೆ ಸಾಗುವವರ ಮುಖಗಳೇ. 'ಆ ಮರ ಬೇಕಿತ್ತೇನೇ?' ಎಂದು ಒಮ್ಮೆ ಮೆಲ್ಲಗೆ ಕೇಳಿದ ಗೆಳತಿಯ ಮುಖವಲ್ಲ. ಮುಂದಿನ ಚಿತ್ರವನ್ನು ಚೌಕಟ್ಟು ಹಾಕಿಸುವ ಮೊದಲೇ ಅವಳಿಗೆ ಕಳಿಸುತ್ತೇನೆ.